ಮೂರು ಊರುಗಳ ಮತಪೆಟ್ಟಿಗೆ: ಯಾದಗಿರಿ, ಶಹಾಪುರ, ಸುರಪುರ



ಚುನಾವಣೆಯ ಫಲಿತಾಂಶ ಹೊರಬೀಳುವ ದಿನ ದೂರದರ್ಶನದ ಪರದೆಯ ಮೇಲೆ ಕರ್ನಾಟಕದ ನಕ್ಷೆಯನ್ನು ನೀವೆಲ್ಲ ನೋಡಿರುತ್ತೀರಿ. ಒಂದೊಂದು ಕ್ಷೇತ್ರದ ಎಣಿಕೆ ಮುಗಿದಂತೆ ಅದಕ್ಕೊಂದು ಬಣ್ಣ ತುಂಬುತ್ತದೆ. ಒಂದು ಪಕ್ಷಕ್ಕೆ ಒಂದು ಬಣ್ಣ. ಸಂಜೆಯ ಹೊತ್ತಿಗೆ ಆ ನಕ್ಷೆಯನ್ನು ನೋಡಿದವರು, ಈ ಭಾಗದ ಜನ ಇಂಥ ಪಕ್ಷದ ಕಡೆಗಿದ್ದಾರೆ ಎಂದು ತೀರ್ಮಾನ ಹೇಳಿಬಿಡುತ್ತಾರೆ. ಇಂಥ ನಕ್ಷೆಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನಮಗೂ ಆ ತೀರ್ಮಾನ ಸುಲಭವಾಗಿಯೇ ಕಾಣುತ್ತದೆ. ಆದರೆ ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ಕ್ಷೇತ್ರಗಳ ಮಟ್ಟಿಗೆ ಆ ಬಣ್ಣ ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು.

1994ರ ವಿಧಾನಸಭಾ ಚುನಾವಣೆಯನ್ನು ತೆಗೆದುಕೊಳ್ಳೋಣ. ಅಕ್ಕಪಕ್ಕದ ಈ ಮೂರು ಕ್ಷೇತ್ರಗಳು ಆ ವರ್ಷ ಮೂರು ಬೇರೆ ಬೇರೆ ಪಕ್ಷಗಳನ್ನು ಆರಿಸಿದವು. ಶಹಾಪುರದಲ್ಲಿ ಜನತಾದಳ, ಸುರಪುರದಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, ಯಾದಗಿರಿಯಲ್ಲಿ ಕಾಂಗ್ರೆಸ್. ಐದು ವರ್ಷಗಳ ನಂತರ, 1999ರಲ್ಲಿ, ಮೂರೂ ಕಡೆ ಕಾಂಗ್ರೆಸ್ ಗೆದ್ದಿತು. ಹಾಗಾದರೆ ಐದೇ ವರ್ಷಗಳಲ್ಲಿ ಜನರ ರಾಜಕೀಯ ಒಲವು ಬುಡಮೇಲಾಯಿತೇ? ಅಥವಾ ಒಲವು ಎಂಬುದನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆಯೇ? ಈ ಲೇಖನದ ಪ್ರಶ್ನೆ ಇಷ್ಟೇ.

ನೆಲ ಮತ್ತು ನೆನಪು

ಮೊದಲು ಪ್ರದೇಶವನ್ನು ತಿಳಿದುಕೊಳ್ಳೋಣ. ಯಾದಗಿರಿ ಭೀಮಾ ನದಿಯ ದಂಡೆಯ ಊರು. ಮುಂಬಯಿಯಿಂದ ರಾಯಚೂರಿನ ಮೂಲಕ ಮದರಾಸಿಗೆ ಹೋಗುವ ರೈಲುಮಾರ್ಗದಲ್ಲಿದೆ. 1871ರಲ್ಲಿ ಆ ಮಾರ್ಗದ ಎರಡು ತುದಿಗಳು ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಯಾದಗಿರಿ ವ್ಯಾಪಾರದ ಊರು. ಭೀಮೆಯನ್ನು ದಾಟಿದರೆ ಕೃಷ್ಣಾ-ಭೀಮೆಯರ ನಡುವಿನ ದೋಆಬ್ ಪ್ರದೇಶ. ಅಲ್ಲಿ ಶಹಾಪುರವಿದೆ, ಅದರ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ಪ್ರಸಿದ್ಧಿ. ಇನ್ನೂ ಮುಂದೆ ಹೋದರೆ ನಾಯಕ ಅರಸರ ಸುರಪುರ. ಈ ಮೂರೂ ತಾಲ್ಲೂಕುಗಳು ಬಹುಕಾಲ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. 2010ರಲ್ಲಿ ಇವನ್ನು ಸೇರಿಸಿ ಯಾದಗಿರಿ ಜಿಲ್ಲೆಯನ್ನು ಮಾಡಲಾಯಿತು.

ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತು, ಸೆರೆಸಿಕ್ಕು, ಚಿಕ್ಕ ವಯಸ್ಸಿನಲ್ಲೇ ಪ್ರಾಣ ಕಳೆದುಕೊಂಡ ಕಥೆ ನಿಮ್ಮ ಪಾಠಗಳಲ್ಲಿ ಬಂದಿದೆ. ಸಂಸ್ಥಾನ ಉಳಿಯಲಿಲ್ಲ. ಬ್ರಿಟಿಷರು ಅದನ್ನು ಹೈದರಾಬಾದಿನ ನಿಜಾಮನಿಗೆ ಬಿಟ್ಟುಕೊಟ್ಟರು. ರಾಜ್ಯ ಹೋಯಿತು, ಆದರೆ ಅರಮನೆಯ ಮೇಲಿನ ಅಭಿಮಾನ ಜನರಲ್ಲಿ ಉಳಿಯಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅತ್ತ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಅಧಿಕಾರ ಅಲ್ಪವಾದರೂ ಜನಪ್ರತಿನಿಧಿ ಎಂಬ ಮಾತು ಅಲ್ಲಿನವರ ಕಿವಿಗೆ ಬಿದ್ದು ಎರಡು ತಲೆಮಾರು ಕಳೆದಿತ್ತು. ಇತ್ತ ನಿಜಾಮನ ಆಳ್ವಿಕೆಯಲ್ಲಿ ಸಾಮಾನ್ಯ ರೈತನಿಗೆ ಅಂಥ ಅನುಭವವೇ ಇರಲಿಲ್ಲ. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ, ಓದುಬರಹ ತೀರಾ ಕಡಿಮೆ. ಹಳ್ಳಿಯವನ ಅರ್ಜಿಯನ್ನು ಕಚೇರಿಗೆ ಮುಟ್ಟಿಸಬಲ್ಲವರು ಊರಿನ ಗೌಡ, ಕುಲಕರ್ಣಿ, ದೇಸಾಯಿ, ಇಲ್ಲವೇ ಜಾಗೀರುದಾರ. ಜಮೀನು ಇದ್ದದ್ದೂ ಅವರಲ್ಲೇ, ಅಕ್ಷರ ಇದ್ದದ್ದೂ ಅವರಲ್ಲೇ.

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡಿತು. 1949ರಲ್ಲಿ ಜಾಗೀರುಗಳು ರದ್ದಾದವು. 1952ರಲ್ಲಿ ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ನಿಜಾಮನ ಪ್ರಜೆ ನಾಲ್ಕೇ ವರ್ಷಗಳಲ್ಲಿ ಮತದಾರನಾದ. ಗಂಡಸು-ಹೆಂಗಸು, ಓದಿದವ-ಓದದವ, ಗೌಡ-ಆಳು ಎಂಬ ಭೇದವಿಲ್ಲದೆ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಂದು ಮತ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ ಇಡುತ್ತಿದ್ದರು. ಪೆಟ್ಟಿಗೆಯ ಮೇಲೆ ಚಿಹ್ನೆ. ಓದು ಬಾರದವರು ಜೋಡೆತ್ತಿನ ಚಿತ್ರ ನೋಡಿ ಕಾಂಗ್ರೆಸ್ಸಿನ ಪೆಟ್ಟಿಗೆಯನ್ನು ಗುರುತಿಸುತ್ತಿದ್ದರು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು.

ಮತ ಎಲ್ಲರಿಗೂ ಬಂತು. ಆದರೆ ಜಮೀನು, ಅಕ್ಷರ, ಕಚೇರಿಯ ಪರಿಚಯ ಇವು ಎಲ್ಲರಿಗೂ ಬರಲಿಲ್ಲ. ಈ ಅಂತರದಲ್ಲೇ ಮೂರು ಊರುಗಳ ಮುಂದಿನ ರಾಜಕೀಯ ಬೆಳೆಯಿತು.

ಒಂದು ಪ್ರಯೋಗ

ನಿಮ್ಮಲ್ಲಿ ವಿಜ್ಞಾನ ಓದುವವರಿಗೆ ಒಂದು ವಿಧಾನ ಗೊತ್ತಿದೆ. ಎರಡು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತಿರುವಾಗ ಯಾವುದರ ಪರಿಣಾಮ ಎಷ್ಟು ಎಂದು ತಿಳಿಯಬೇಕಾದರೆ, ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಬೇಕು. ಚುನಾವಣೆಯಲ್ಲಿ ನಾವು ಹಾಗೆ ಪ್ರಯೋಗ ಮಾಡಲಾಗದು. ಆದರೆ ಇತಿಹಾಸವೇ ಕೆಲವೊಮ್ಮೆ ನಮಗಾಗಿ ಆ ಪ್ರಯೋಗವನ್ನು ಮಾಡಿಟ್ಟಿರುತ್ತದೆ. ಇಲ್ಲಿ ಎರಡು ಸಂಗತಿಗಳೆಂದರೆ ಪಕ್ಷ ಮತ್ತು ಮನೆತನ.

ಮೊದಲು ಶಹಾಪುರ. ಇಲ್ಲಿನ ಶಾಸಕರಾಗಿದ್ದ ಬಾಪುಗೌಡ ದರ್ಶನಾಪುರ ಅವರ ಮಗ ಶರಣಬಸಪ್ಪ ದರ್ಶನಾಪುರ 1994ರಲ್ಲಿ ಜನತಾದಳದಿಂದ ಗೆದ್ದರು, 2004ರಲ್ಲಿ ಜಾತ್ಯತೀತ ಜನತಾದಳದಿಂದ ಗೆದ್ದರು, 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018 ಮತ್ತು 2023ರಲ್ಲೂ ಕಾಂಗ್ರೆಸ್ಸಿನಿಂದಲೇ ಗೆದ್ದರು. ಅಭ್ಯರ್ಥಿ ಸ್ಥಿರ, ಚಿಹ್ನೆ ಬದಲು, ಫಲಿತಾಂಶ ಅದೇ. ಈಗ ಚಿಹ್ನೆಯನ್ನು ಸ್ಥಿರವಾಗಿಡೋಣ. 1999ರಲ್ಲಿ ಇಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು ಎದುರು ಮನೆತನದ ಶಿವಶೇಖರಪ್ಪಗೌಡ ಶಿರವಾಳ. ಅಂದರೆ 1999ರಲ್ಲಿ ಹಸ್ತದ ಗುರುತಿಗೆ ಓಟು ಎಂದರೆ ಶಿರವಾಳ ಮನೆಗೆ ಓಟು. 2008ರಲ್ಲಿ ಅದೇ ಹಸ್ತಕ್ಕೆ ಓಟು ಎಂದರೆ ದರ್ಶನಾಪುರ ಮನೆಗೆ ಓಟು. 2013ರಲ್ಲಿ ಶಿರವಾಳ ಮನೆತನದ ಗುರು ಪಾಟೀಲ ಗೆದ್ದಾಗ ಅವರ ಪಕ್ಷ ಆಗಷ್ಟೇ ಹುಟ್ಟಿದ್ದ ಕರ್ನಾಟಕ ಜನತಾ ಪಕ್ಷ. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಬಂದದ್ದು 6 ಸ್ಥಾನ, ಅದರಲ್ಲಿ ಶಹಾಪುರ ಒಂದು.

ಇನ್ನು ಸುರಪುರ. 1994ರಿಂದ 2023ರ ವರೆಗೆ ಏಳು ಸಾರ್ವತ್ರಿಕ ಚುನಾವಣೆಗಳು ನಡೆದವು. ಗೆದ್ದವರು ಇಬ್ಬರೇ. ಅರಮನೆತನದ ರಾಜಾ ವೆಂಕಟಪ್ಪ ನಾಯಕ 1994, 1999, 2013 ಮತ್ತು 2023ರಲ್ಲಿ. ರಾಜುಗೌಡ ಎಂದೇ ಹೆಸರಾದ ನರಸಿಂಹ ನಾಯಕ 2004, 2008 ಮತ್ತು 2018ರಲ್ಲಿ. ರಾಜಾ ವೆಂಕಟಪ್ಪ ನಾಯಕ ಮೊದಲು ಗೆದ್ದದ್ದು ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, ಆಮೇಲೆ ಕಾಂಗ್ರೆಸ್ಸಿನಿಂದ. ನರಸಿಂಹ ನಾಯಕ 2004ರಲ್ಲಿ ಗೆದ್ದದ್ದು ಕನ್ನಡ ನಾಡು ಪಕ್ಷದಿಂದ. ಆ ಪಕ್ಷಕ್ಕೆ ರಾಜ್ಯದಲ್ಲಿ ಸಿಕ್ಕಿದ ಏಕೈಕ ಸ್ಥಾನ ಅದು. ಆನಂತರ ಅವರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ರಾಜ್ಯದಲ್ಲಿ ಬೇರೆಲ್ಲೂ ನೆಲೆಯೂರದ ಪಕ್ಷ ಸುರಪುರದಲ್ಲಿ ಗೆದ್ದಿತು ಎಂದರೆ, ಗೆದ್ದದ್ದು ಪಕ್ಷವಲ್ಲ ಎಂಬುದು ಸ್ಪಷ್ಟ.

ಯಾದಗಿರಿಯಲ್ಲಿ 1989ರಿಂದ 2018ರ ವರೆಗೆ ಏಳು ಚುನಾವಣೆ. ಡಾ. ಎ.ಬಿ. ಮಾಲಕರೆಡ್ಡಿ ಐದು ಸಲ ಗೆದ್ದರು, ಮುದ್ನಾಳ ಮನೆತನ ಎರಡು ಸಲ ಗೆದ್ದಿತು: 2004ರಲ್ಲಿ ಡಾ. ವೀರಬಸವಂತರೆಡ್ಡಿ, 2018ರಲ್ಲಿ ವೆಂಕಟರೆಡ್ಡಿ. ಅದಕ್ಕೂ ಮುಂಚೆ ಇದೇ ಮನೆತನದ ವಿಶ್ವನಾಥರೆಡ್ಡಿ ಮುದ್ನಾಳ ಇಲ್ಲಿನ ಶಾಸಕರಾಗಿದ್ದರು. 1989ರಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 178 ಬಂದಾಗ ಮಾಲಕರೆಡ್ಡಿ ಗೆದ್ದದ್ದು ಅಚ್ಚರಿಯಲ್ಲ. ಆದರೆ 1994ರಲ್ಲಿ ಅದೇ ಪಕ್ಷ 34ಕ್ಕೆ ಇಳಿದಾಗಲೂ ಅವರು ಗೆದ್ದರು. ಅಲೆ ಇಳಿಯಿತು, ಅವರು ಇಳಿಯಲಿಲ್ಲ. 2023ರಲ್ಲಿ ಮಾತ್ರ ಕಾಂಗ್ರೆಸ್ಸಿನಿಂದ ಚನ್ನಾರೆಡ್ಡಿ ಪಾಟೀಲ ತುನ್ನೂರ ಎಂಬ ಹೊಸ ಹೆಸರು ಗೆದ್ದಿತು.

ಕೂಡಿಸಿ ನೋಡಿ. ಮೂರು ಕ್ಷೇತ್ರ, ಏಳೇಳು ಚುನಾವಣೆ, ಒಟ್ಟು 21 ಫಲಿತಾಂಶ. ಪಕ್ಷಗಳು ಎಷ್ಟೋ ಬಂದುಹೋದವು, ಮನೆಗಳು ಆರೇ.

ಅಲೆ ಬರುವ ದಾರಿ

ಹಾಗೆಂದು ರಾಜ್ಯದ ಅಲೆಗೆ ಇಲ್ಲಿ ಬೆಲೆಯೇ ಇಲ್ಲವೆಂದು ತಿಳಿಯಬಾರದು. 1999ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 132 ಸ್ಥಾನ ಪಡೆದಾಗ ಈ ಮೂರೂ ಕ್ಷೇತ್ರಗಳು ಅದರ ಕಡೆ ಬಂದವು. 2023ರಲ್ಲಿ 135 ಪಡೆದಾಗಲೂ ಹಾಗೆಯೇ ಆಯಿತು. ಆದರೆ ಅಲೆ ಇಲ್ಲಿಗೆ ನೇರವಾಗಿ ಬರುವುದಿಲ್ಲ, ಮನೆಯ ಬಾಗಿಲಿನಿಂದ ಒಳಬರುತ್ತದೆ. ಯಾವ ಪಕ್ಷದ ಗಾಳಿ ಬೀಸುತ್ತಿದೆ ಎಂದು ಮನೆತನಗಳು ಲೆಕ್ಕ ಹಾಕುತ್ತವೆ. ಯಾವ ಮನೆಗೆ ಓಟಿನ ಬಲವಿದೆ ಎಂದು ಪಕ್ಷಗಳು ಲೆಕ್ಕ ಹಾಕುತ್ತವೆ. ಎರಡೂ ಲೆಕ್ಕ ಕೂಡಿದ ಕಡೆ ಬಿ ಫಾರಂ ಸಿಗುತ್ತದೆ.

ಈ ಭಾಗದಲ್ಲೇ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಯಾದಗಿರಿಗೆ ಹೊಂದಿಕೊಂಡ ಗುರುಮಠಕಲ್ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಗುಲಬರ್ಗಾದಲ್ಲಿ ಕಾರ್ಮಿಕರ ಪರ ವಕೀಲರಾಗಿದ್ದ ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರ ವರೆಗೆ ಅಲ್ಲಿಂದ ಸತತವಾಗಿ ಎಂಟು ಸಲ ಗೆದ್ದರು. ಅವರಿಗೆ ಅಲ್ಲಿ ಅರಮನೆಯೂ ಇರಲಿಲ್ಲ, ಗೌಡಿಕೆಯೂ ಇರಲಿಲ್ಲ. ಮೀಸಲಾತಿ ಹಳೆಯ ಮನೆಗಳನ್ನು ಕಣದಿಂದ ಹೊರಗಿಟ್ಟಾಗ ಹೊಸಬರೊಬ್ಬರು ಬೆಳೆಯಲು ಜಾಗವಾಯಿತು. 2008ರಲ್ಲಿ ಕ್ಷೇತ್ರ ಸಾಮಾನ್ಯವಾಯಿತು. 2018ರಲ್ಲಿ ನಾಗನಗೌಡ ಕಂದಕೂರ, 2023ರಲ್ಲಿ ಅವರ ಮಗ ಶರಣಗೌಡ ಕಂದಕೂರ, ಇಬ್ಬರೂ ಜಾತ್ಯತೀತ ಜನತಾದಳದಿಂದ ಗೆದ್ದರು. ಅಂದರೆ ಕ್ಷೇತ್ರದ ನಿಯಮ ಬದಲಾದಾಗ ಮತ್ತೆ ಮನೆತನ ಬಂತು.

ಸುರಪುರದಲ್ಲೂ ನಿಯಮ ಬದಲಾಯಿತು, ಆದರೆ ಪರಿಣಾಮ ಬೇರೆ. 1991ರಲ್ಲಿ ಸಂಸತ್ತು ಕಾನೂನು ಮಾಡಿ ನಾಯಕ ಪಂಗಡದ ಬೇಡ, ಬೇಡರ, ವಾಲ್ಮೀಕಿ ಮುಂತಾದ ಪರ್ಯಾಯ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. 2001ರ ಜನಗಣತಿಯಲ್ಲಿ ಆ ಹೆಸರುಗಳ ಜನ ಲೆಕ್ಕಕ್ಕೆ ಬಂದರು. ಆ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ, 2008ರಲ್ಲಿ ವಿಧಾನಸಭೆಯ ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳು 2ರಿಂದ 15ಕ್ಕೆ ಏರಿದವು. ಸುರಪುರ ಅವುಗಳಲ್ಲಿ ಒಂದು. ಪಟ್ಟಿಯ ಒಂದು ಸಾಲು ಜನಗಣತಿಗೆ, ಜನಗಣತಿ ನಕ್ಷೆಗೆ, ನಕ್ಷೆ ಮತಪತ್ರಕ್ಕೆ ಹೇಗೆ ಇಳಿದು ಬರುತ್ತದೆ ನೋಡಿ. ಆದರೆ ಸುರಪುರದಲ್ಲಿ ಮೀಸಲಾತಿಗೂ ಮುಂಚೆ ಗೆಲ್ಲುತ್ತಿದ್ದವರೂ ನಾಯಕರೇ. ಹಾಗಾಗಿ ಬಾಗಿಲು ತೆರೆದರೂ ಒಳಗಿದ್ದವರೇ ಉಳಿದರು. ರಾಜಾ ವೆಂಕಟಪ್ಪ ನಾಯಕ 2024ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ, ಮೇ 7ರಂದು ನಡೆದ ಉಪಚುನಾವಣೆಯಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು.

ಮತದಾರ ಕುರುಡನೇ?

ಇಷ್ಟನ್ನು ಓದಿದ ಪಟ್ಟಣದ ವಿದ್ಯಾರ್ಥಿಯೊಬ್ಬರು, ಹಾಗಾದರೆ ಅಲ್ಲಿನ ಜನ ಗೌಡರು ಹೇಳಿದಂತೆ ಓಟು ಹಾಕುತ್ತಾರೆ ಎಂದು ಹೇಳಬಹುದು. ಅಂಕಿಗಳು ಈ ಮಾತನ್ನು ಒಪ್ಪುವುದಿಲ್ಲ. ಸುರಪುರದಲ್ಲಿ 2013, 2018, 2023ರ ಮೂರು ಚುನಾವಣೆಗಳನ್ನು ಸಾಲಾಗಿಟ್ಟರೆ, ಪ್ರತಿ ಸಲವೂ ಗದ್ದುಗೆಯಲ್ಲಿದ್ದವರು ಸೋತು ಎದುರಿನವರು ಬಂದಿದ್ದಾರೆ. ಶಹಾಪುರದಲ್ಲಿ 1999, 2004ರಲ್ಲೂ ಹೀಗೆಯೇ ಸರದಿ ಬದಲಾಯಿತು. ಆಣತಿಯಂತೆ ನಡೆಯುವ ಊರು ಹೀಗೆ ಮಾಡುವುದಿಲ್ಲ. ಯಾರು ಕಣದಲ್ಲಿರಬೇಕು ಎಂಬುದು ಮತದಾರನ ಕೈಯಲ್ಲಿ ಅಷ್ಟಾಗಿ ಇಲ್ಲ. ಇದ್ದವರಲ್ಲಿ ಯಾರು ಮನೆಗೆ ಹೋಗಬೇಕು ಎಂಬುದನ್ನು ಅವನು ಬಿಟ್ಟುಕೊಟ್ಟಿಲ್ಲ.

ಲೋಕಸಭೆಯಲ್ಲೂ ಇದೇ ಚಂಚಲತೆ ಕಾಣುತ್ತದೆ. ಈ ಮೂರು ಕ್ಷೇತ್ರಗಳು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅಲ್ಲಿ 2009ರಲ್ಲಿ ಭಾರತೀಯ ಜನತಾ ಪಕ್ಷ, 2014ರಲ್ಲಿ ಕಾಂಗ್ರೆಸ್, 2019ರಲ್ಲಿ ಭಾರತೀಯ ಜನತಾ ಪಕ್ಷ, 2024ರಲ್ಲಿ ಮತ್ತೆ ಕಾಂಗ್ರೆಸ್ ಗೆದ್ದವು. 2014ರ ಅಂತರ ಕೇವಲ 1,499 ಮತ. ಸೋತವರ ಕಡೆಗೆ 750 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಅಷ್ಟು ಜನ ಒಂದು ಸಣ್ಣ ಹಳ್ಳಿಯಲ್ಲೇ ಸಿಗುತ್ತಾರೆ. ಆದರೂ ಪರದೆಯ ಮೇಲಿನ ನಕ್ಷೆಯಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳ ಇಡೀ ನೆಲ ಒಂದೇ ಬಣ್ಣವಾಗಿ ತುಂಬಿಕೊಳ್ಳುತ್ತದೆ. ಗೆದ್ದ ಬಣ್ಣದ ಕೆಳಗೆ ಸೋತವರಿಗೆ ಬಿದ್ದ ಲಕ್ಷಗಟ್ಟಲೆ ಮತಗಳು ಕಾಣದಾಗುತ್ತವೆ.

ಹಾಗಾದರೆ ಮತದಾರ ಪಕ್ಷಕ್ಕಿಂತ ವ್ಯಕ್ತಿಯನ್ನು ಏಕೆ ನೋಡುತ್ತಾನೆ? ಕಾಲುವೆಯನ್ನು ನೋಡಿದರೆ ಅರ್ಥವಾಗುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಜೋಳದ ಹೊಲಗಳ ಕಡೆಗೆ ನೀರು ತಂದಿತು. ಜೋಳವಿದ್ದಲ್ಲಿ ಭತ್ತ ಬಂತು. ಆದರೆ ಕಾಲುವೆಯ ಮೇಲ್ಭಾಗದವರಿಗೆ ಸಿಕ್ಕ ನೀರು ಕೊನೆಯಂಚಿನವರಿಗೆ ಸಿಗಲಿಲ್ಲ. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ಶಾಸಕರು ಕೂರುತ್ತಾರೆ. ಕೊನೆಯಂಚಿನ ರೈತನಿಗೆ ಬೇಕಾದದ್ದು ಆ ಸಭೆಯಲ್ಲಿ ತನ್ನ ಊರಿನ ಹೆಸರು ಹೇಳುವ ಒಬ್ಬ ಮನುಷ್ಯ. ಬ್ಯಾಂಕಿನ ಸಾಲ, ಪಡಿತರ ಚೀಟಿ, ಆಸ್ಪತ್ರೆಯ ಚೀಟಿ ಇವಕ್ಕೂ ಹಾಗೆಯೇ. ಅರ್ಜಿ ತನ್ನಷ್ಟಕ್ಕೆ ಮುಂದೆ ಸಾಗದ ಊರಿನಲ್ಲಿ ಅರ್ಜಿ ಸಾಗಿಸುವವನಿಗೆ ಓಟು ಬೀಳುತ್ತದೆ. ನಿಜಾಮನ ಕಾಲದ ಮಧ್ಯವರ್ತಿಯ ಕೆಲಸ ಇನ್ನೊಂದು ಹೆಸರಿನಲ್ಲಿ ಮುಂದುವರಿದಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 52. ರಾಜ್ಯದಲ್ಲೇ ಅತಿ ಕಡಿಮೆ. ಈ ಅಂಕಿಯನ್ನೂ ಮನೆತನಗಳ ಬಾಳಿಕೆಯನ್ನೂ ಬೇರೆ ಬೇರೆಯಾಗಿ ಓದಬಾರದು.

ಗುಟ್ಟು ಮತ್ತು ಗುಳೆ

ಈ ವ್ಯವಸ್ಥೆಯಲ್ಲಿ ಬಡ ಮತದಾರನಿಗಿರುವ ದೊಡ್ಡ ರಕ್ಷೆ ಗುಪ್ತ ಮತದಾನ. ಯಾರಿಗೆ ಹಾಕಿದೆ ಎಂದು ತಿಳಿಯದಿದ್ದರೆ ಮಾತ್ರ ಅವನು ನಿರ್ಭಯವಾಗಿ ಸರದಿ ಬದಲಿಸಬಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಯಂತ್ರದಿಂದ ಎಣಿಕೆ ಶೀಘ್ರವಾಯಿತು, ಕುಲಗೆಟ್ಟ ಮತಗಳು ಇಲ್ಲವಾದವು. ಆದರೆ ಒಬ್ಬನ ಓಟು ಗುಟ್ಟಾಗಿ ಉಳಿದರೂ ಒಂದು ಹಳ್ಳಿಯ ಓಟು ಗುಟ್ಟಾಗಿ ಉಳಿಯಲಿಲ್ಲ. ಯಾವ ಹಳ್ಳಿ ಯಾರಿಗೆ ಎಷ್ಟು ಹಾಕಿತು ಎಂಬುದು ಗೆದ್ದವರಿಗೂ ಸೋತವರಿಗೂ ಗೊತ್ತಾಗುತ್ತದೆ. ‘ನಿಮ್ಮೂರಿನವರು ನಮಗೆ ಹಾಕಿಲ್ಲ’ ಎಂಬ ಒಂದು ಮಾತಿಗೆ ರಸ್ತೆ ನಿಲ್ಲಬಹುದು, ಕಾಲುವೆಯ ನೀರು ತಡವಾಗಬಹುದು. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಎಣಿಸುವ ‘ಟೋಟಲೈಸರ್’ ಎಂಬ ಸಾಧನವನ್ನು ಬಳಸಲು ಚುನಾವಣಾ ಆಯೋಗ 2008ರಲ್ಲಿ ಸಲಹೆ ಮಾಡಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಅದು ಜಾರಿಗೆ ಬಂದಿಲ್ಲ.

ಇನ್ನೊಂದು ಸಂಗತಿ ಗುಳೆ. ಬೇಸಿಗೆಯಲ್ಲಿ ಈ ತಾಲ್ಲೂಕುಗಳ ಕೂಲಿಕಾರರು ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಚುನಾವಣೆಗಳು ಹೆಚ್ಚಾಗಿ ಬರುವುದೂ ಏಪ್ರಿಲ್-ಮೇ ತಿಂಗಳಲ್ಲೇ. ಮತಪಟ್ಟಿಯಲ್ಲಿ ಹೆಸರು ಊರಿನಲ್ಲಿ, ಮನುಷ್ಯ ಕಟ್ಟಡದ ಕೆಲಸದಲ್ಲಿ. ಅವನು ಬರಬೇಕಾದರೆ ಬಸ್ಸಿನ ಖರ್ಚು, ಎರಡು ದಿನದ ಕೂಲಿ ಹೋಗುತ್ತದೆ. ಆ ಖರ್ಚನ್ನು ಬೇರೆ ಯಾರಾದರೂ ವಹಿಸಿಕೊಂಡರೆ ಆ ಓಟು ಎಷ್ಟರಮಟ್ಟಿಗೆ ಅವನದು? ಜಿಲ್ಲೆಯ ಬಡತನ ಹೀಗೆ ಮತದಾನದ ಪ್ರಮಾಣದೊಳಗೂ ನುಸುಳುತ್ತದೆ.

ನೀವು ಮಾಡಬಹುದಾದದ್ದು

ಯಾದಗಿರಿ, ಶಹಾಪುರ, ಸುರಪುರಗಳ ಕಥೆ ಅವುಗಳದೊಂದೇ ಅಲ್ಲ. ನಿಮ್ಮ ತಾಲ್ಲೂಕನ್ನೂ ಹೀಗೆ ಓದಬಹುದು. ಚುನಾವಣಾ ಆಯೋಗ ಪ್ರತಿ ಚುನಾವಣೆಯ ಅಂಕಿ ಅಂಶಗಳನ್ನು ಪ್ರಕಟಿಸುತ್ತದೆ. ಒಂದು ಹಾಳೆಯಲ್ಲಿ ವರ್ಷ, ಗೆದ್ದವರ ಹೆಸರು, ಪಕ್ಷ, ಎರಡನೆಯವರ ಹೆಸರು, ಅಂತರ ಎಂದು ಐದು ಕಾಲಂ ಮಾಡಿ. ಪಕ್ಷದ ಕಾಲಂ ಮುಚ್ಚಿ ಹೆಸರುಗಳನ್ನು ಓದಿ. ಆಮೇಲೆ ಹೆಸರುಗಳನ್ನು ಮುಚ್ಚಿ ಪಕ್ಷಗಳನ್ನು ಓದಿ. ಯಾವುದು ಹೆಚ್ಚು ಬದಲಾಗುತ್ತದೆ ಎಂಬುದೇ ನಿಮ್ಮ ಊರಿನ ಒಲವಿನ ಮೊದಲ ಸುಳಿವು. ಒಂದು ಎಚ್ಚರಿಕೆ: ಕ್ಷೇತ್ರದ ಮೊತ್ತದಿಂದ ಒಬ್ಬ ವ್ಯಕ್ತಿಯ ಅಥವಾ ಒಂದು ಜಾತಿಯ ಮನಸ್ಸನ್ನು ಊಹಿಸಬೇಡಿ. ಮೊತ್ತ ಅಷ್ಟನ್ನು ಹೇಳುವುದಿಲ್ಲ.

ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಅಂದರೆ ಕಾಲೇಜಿನ ಮೆಟ್ಟಿಲು ಹತ್ತುವಾಗಲೇ ನಿಮ್ಮ ಹೆಸರು ಪಟ್ಟಿಗೆ ಬರುತ್ತದೆ. ಸುರಪುರದ ಅಜ್ಜಿ 1952ರಲ್ಲಿ ಪೆಟ್ಟಿಗೆಯ ಚಿತ್ರ ನೋಡಿ ಓಟು ಹಾಕಿದಳು. ಆಕೆಗೆ ಅಭ್ಯರ್ಥಿಯ ಹೆಸರು ಓದಲು ಬರುತ್ತಿರಲಿಲ್ಲ. ಮೊಮ್ಮಗಳಿಗೆ ಹೆಸರು ಓದಲು ಬರುತ್ತದೆ, ಅರ್ಜಿ ಬರೆಯಲೂ ಬರುತ್ತದೆ. ಅವಳ ಅರ್ಜಿ ಯಾರ ಶಿಫಾರಸೂ ಇಲ್ಲದೆ ಕಚೇರಿಯಲ್ಲಿ ಮುಂದೆ ಸಾಗುವ ದಿನ, ಮತಪತ್ರದ ಮೇಲೆ ಏಳನೆಯ ಮನೆಯ ಹೆಸರೂ ಗೆಲ್ಲುವ ಹೆಸರಾಗಿ ಕಾಣಿಸಿಕೊಳ್ಳುತ್ತದೆ.